ತಿರುಗುವ ಕೊಟ್ಟಿಗೆಯ ಊರು

ಟೌನ್‌ಶಿಪ್ ಎಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ದೊಡ್ಡ ಗೇಟು, ಸೆಕ್ಯುರಿಟಿಯವನ ರಿಜಿಸ್ಟರು, ಒಳಗೊಂದು ಕ್ಲಬ್‌ಹೌಸು, ಈಜುಕೊಳ. ಬೆಂಗಳೂರಿನ ಬಿಲ್ಡರುಗಳು ಆ ಪದವನ್ನು ಹಾಗೆ ಪಳಗಿಸಿಟ್ಟುಕೊಂಡಿದ್ದಾರೆ. ಹಾಗಾಗಿ ನ್ಯೂಜೆರ್ಸಿಯಿಂದ ಮಗಳು ಫೋನಿನಲ್ಲಿ ‘ನಮ್ಮ ಟೌನ್‌ಶಿಪ್ಪಲ್ಲಿ ಟ್ಯಾಕ್ಸ್ ಜಾಸ್ತಿ’ ಎಂದರೆ, ಇಲ್ಲಿ ಅಪ್ಪ ‘ಮೇಂಟೆನೆನ್ಸ್ ಚಾರ್ಜ್ ಇರಬೇಕು’ ಅಂದುಕೊಳ್ಳುತ್ತಾರೆ. ಅದು ಮೇಂಟೆನೆನ್ಸ್ ಅಲ್ಲ. ಟೌನ್‌ಶಿಪ್ ಎಂದರೆ ಅಲ್ಲಿ ಒಂದು ಸರ್ಕಾರ. ಅದಕ್ಕೆ ಗಡಿಯಿದೆ, ಚುನಾವಣೆಯಿದೆ, ಪೊಲೀಸರಿದ್ದಾರೆ, ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ಅಧಿಕಾರವಿದೆ. ಗೇಟು ಮಾತ್ರ ಇಲ್ಲ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳೋಣ. ಅಮೆರಿಕದ ಎಲ್ಲ ಕಡೆ ಟೌನ್‌ಶಿಪ್ ಎಂಬುದಕ್ಕೆ ಒಂದೇ ಅರ್ಥವಿಲ್ಲ. ಓಹಾಯೋದಿಂದ ಪಶ್ಚಿಮಕ್ಕೆ ಅದು ಮೊದಲು ಸರ್ವೆಯ ಲೆಕ್ಕ. 1785ರ ಭೂಕಾಯಿದೆಯ ಪ್ರಕಾರ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಅದರೊಳಗೆ 640 ಎಕರೆಯ 36 ತುಂಡುಗಳು. 16ನೇ ತುಂಡು ಶಾಲೆಗೆ ಮೀಸಲು. ನ್ಯೂಜೆರ್ಸಿಯಲ್ಲಿ ಆ ಚೌಕಗಳಿಲ್ಲ. ಅಲ್ಲಿ ಬರೋ, ಸಿಟಿ, ಟೌನ್, ವಿಲೇಜ್, ಟೌನ್‌ಶಿಪ್ ಎಂಬ ಐದು ಬಗೆಯ ಪುರಸಭೆಗಳಿವೆ, ಒಟ್ಟು 564. ಇವಕ್ಕೆ ದೊಡ್ಡದು ಚಿಕ್ಕದು ಎಂಬ ಮೇಲುಕೀಳಿಲ್ಲ. ನಮ್ಮಲ್ಲಿ ಪಟ್ಟಣ ಬೆಳೆದರೆ ಪುರಸಭೆ, ಮತ್ತೂ ಬೆಳೆದರೆ ನಗರಸಭೆ ಆಗುವಂತೆ ಅಲ್ಲಿ ಬಡ್ತಿ ಇಲ್ಲ. ಲಕ್ಷ ಜನರಿರುವ ಎಡಿಸನ್ ಕೂಡ ಟೌನ್‌ಶಿಪ್ಪೇ, ಇವತ್ತು ನಾವು ಮಾತಾಡಲಿರುವ ಪ್ಲೇನ್ಸ್‌ಬರೋ ಕೂಡ ಟೌನ್‌ಶಿಪ್ಪೇ. ರಾಜ್ಯದ ಒಂದೊಂದು ಅಂಗುಲ ನೆಲವೂ ಈ 564ರಲ್ಲಿ ಯಾವುದಾದರೂ ಒಂದಕ್ಕೆ ಸೇರಿರುತ್ತದೆ. ಕಾಡಿನ ನಡುವೆ ನಿಂತಿದ್ದರೂ ನೀವೊಂದು ಪುರಸಭೆಯೊಳಗೇ ಇರುತ್ತೀರಿ.

ಪ್ಲೇನ್ಸ್‌ಬರೋ ಸುಮಾರು 12 ಚದರ ಮೈಲಿಯ ಊರು, ಮಿಡ್ಲ್‌ಸೆಕ್ಸ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಕ್ಷಿಣ ಮೂಲೆಯಲ್ಲಿದೆ. 2020ರ ಜನಗಣತಿಯಲ್ಲಿ 24,084 ಜನ. ಪಶ್ಚಿಮಕ್ಕೆ ಯು.ಎಸ್. 1 ಹೆದ್ದಾರಿ, ದಕ್ಷಿಣಕ್ಕೆ ಮಿಲ್‌ಸ್ಟೋನ್ ನದಿ, ನದಿಯಾಚೆ ವೆಸ್ಟ್ ವಿಂಡ್ಸರ್ ಟೌನ್‌ಶಿಪ್. ಆ ನದಿ ಕೌಂಟಿಯ ಗಡಿಯೂ ಹೌದು, ಆಚೆ ದಡ ಮರ್ಸರ್ ಕೌಂಟಿ. ಈ ಗಡಿ ಮುಂದೆ ಶಾಲೆಯ ಲೆಕ್ಕದಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನೀವು ಅಲ್ಲಿಗೆ ಹೋದರೆ ಮೊದಲು ಕಾಡುವುದು ವಿಳಾಸ. ಪ್ಲೇನ್ಸ್‌ಬರೋದೊಳಗಿನ ಎಷ್ಟೋ ಕಟ್ಟಡಗಳ ಮೇಲೆ ‘ಪ್ರಿನ್ಸ್‌ಟನ್’ ಎಂದು ಬರೆದಿರುತ್ತದೆ. ಪ್ರಿನ್ಸ್‌ಟನ್ ಪ್ಲಾಸ್ಮಾ ಫಿಸಿಕ್ಸ್ ಲ್ಯಾಬೊರೇಟರಿ ಇರುವುದು ಪ್ರಿನ್ಸ್‌ಟನ್‌ನಲ್ಲಲ್ಲ, ಪ್ಲೇನ್ಸ್‌ಬರೋದಲ್ಲಿ. ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಅಲ್ಲಿನ ಟೋಕಮಾಕ್ ಯಂತ್ರದಲ್ಲಿ 1994ರಲ್ಲಿ ಸುಮಾರು 10.7 ಮೆಗಾವಾಟ್ ಸಮ್ಮಿಲನ ಶಕ್ತಿ ಹುಟ್ಟಿತು. ಹೆಸರು ಪಕ್ಕದ ಊರಿಗೆ ಹೋಯಿತು. ಆಸ್ಪತ್ರೆಯದೂ ಅದೇ ಕಥೆ. ಪ್ರಿನ್ಸ್‌ಟನ್‌ನಲ್ಲಿದ್ದ ಹಳೆಯ ಆಸ್ಪತ್ರೆ 2012ರ ಮೇ ತಿಂಗಳಲ್ಲಿ ಪ್ಲೇನ್ಸ್‌ಬರೋಗೆ ಸ್ಥಳಾಂತರವಾಯಿತು, ಹೆಸರಿನಲ್ಲಿ ಪ್ರಿನ್ಸ್‌ಟನ್ ಹಾಗೇ ಉಳಿಯಿತು. ತಮಾಷೆಯೆಂದರೆ, ಅದಕ್ಕೂ ಎಂಟು ವರ್ಷ ಮೊದಲೇ ಟಿವಿ ಧಾರಾವಾಹಿಯೊಂದು ‘ಪ್ರಿನ್ಸ್‌ಟನ್-ಪ್ಲೇನ್ಸ್‌ಬರೋ’ ಎಂಬ ಕಾಲ್ಪನಿಕ ಆಸ್ಪತ್ರೆಯನ್ನು ಕಟ್ಟಿತ್ತು. ಧಾರಾವಾಹಿಯ ಕೊನೆಯ ಕಂತು ಬಂದದ್ದೂ ನಿಜವಾದ ಆಸ್ಪತ್ರೆ ತೆರೆದದ್ದೂ ಒಂದೇ ವಾರದಲ್ಲಿ.

ಕಾರಣ ಸರಳ. ಅಂಚೆ ಇಲಾಖೆ ತನ್ನ ಪಿನ್ ವಲಯಗಳನ್ನು ಎಳೆದದ್ದು ಪತ್ರ ಹಂಚುವ ಅನುಕೂಲಕ್ಕೆ, ಪುರಸಭೆಯ ಗಡಿ ನೋಡಿ ಅಲ್ಲ. ಆದ್ದರಿಂದ ಮನೆ ನೋಡುವವರು ವಿಳಾಸದಲ್ಲಿ ಬರೆದ ಊರಿನ ಹೆಸರನ್ನು ನಂಬಬಾರದು. ಮನೆ ಯಾವ ಪುರಸಭೆಯ ಯಾವ ಬ್ಲಾಕ್, ಯಾವ ಲಾಟ್ ಎಂದು ತೆರಿಗೆ ನಕ್ಷೆಯಲ್ಲಿ ನೋಡಬೇಕು. ಮಗು ಯಾವ ಶಾಲೆಗೆ ಹೋಗುತ್ತದೆ, ತೆರಿಗೆ ಎಷ್ಟು, ಯಾರಿಗೆ ಓಟು ಹಾಕಬೇಕು ಎಂಬ ಮೂರನ್ನೂ ತೀರ್ಮಾನಿಸುವುದು ಆ ಎರಡು ಸಂಖ್ಯೆ.

ಈಗ ಹಸುಗಳ ವಿಷಯ. ಇವತ್ತು ಅಪಾರ್ಟ್‌ಮೆಂಟು, ಔಷಧ ಕಂಪನಿ, ಆಸ್ಪತ್ರೆ ಎಂದು ಕಾಣುವ ಈ ಊರು 1971ರವರೆಗೆ ಹಾಲಿನ ಊರಾಗಿತ್ತು.

ವಾಕರ್-ಗಾರ್ಡನ್ ಎಂಬ ಡೈರಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಇಲ್ಲಿ ನೆಲೆಯೂರಿತು. ಆಗ ನಗರಗಳಲ್ಲಿ ಕೊಳಕು ಹಾಲಿನಿಂದ ಮಕ್ಕಳು ಸಾಯುತ್ತಿದ್ದರು. ನ್ಯೂಜೆರ್ಸಿಯ ನ್ಯೂವಾರ್ಕ್‌ನ ವೈದ್ಯ ಹೆನ್ರಿ ಕಾಯ್ಟ್ 1893ರಲ್ಲಿ ವೈದ್ಯರ ಒಂದು ಸಮಿತಿ ಕಟ್ಟಿ, ಹಸು, ಕೊಟ್ಟಿಗೆ, ಕರೆಯುವವನ ಕೈ ಎಲ್ಲವನ್ನೂ ಪರೀಕ್ಷಿಸಿ ‘ಪ್ರಮಾಣಿತ ಹಾಲು’ ಎಂದು ಮುದ್ರೆ ಒತ್ತುವ ಪದ್ಧತಿ ತಂದ. ಕಾಯಿಸದ ಹಾಲೇ, ಆದರೆ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇರಕೂಡದು. ವಾಕರ್-ಗಾರ್ಡನ್ ಬೆಳೆದದ್ದು ಈ ಹಾಲಿನ ಮೇಲೆ.

ಇಷ್ಟು ಶುಚಿ ಇಟ್ಟುಕೊಂಡು ಸಾವಿರಾರು ಹಸು ಕರೆಯುವುದು ಹೇಗೆ? ಡೈರಿಯ ಮುಖ್ಯಸ್ಥ ಹೆನ್ರಿ ಜೆಫರ್ಸ್ 1930ರಲ್ಲಿ ಅದಕ್ಕೊಂದು ಯಂತ್ರ ತಂದ. ಹೆಸರು ರೋಟೊಲ್ಯಾಕ್ಟರ್. ಜಾತ್ರೆಯ ತಿರುಗುವ ತೊಟ್ಟಿಲನ್ನು ನೆಲಕ್ಕೆ ಮಲಗಿಸಿದಂತೆ ಕಲ್ಪಿಸಿಕೊಳ್ಳಿ. ದುಂಡನೆಯ ದೊಡ್ಡ ವೇದಿಕೆ, ಅದರ ಮೇಲೆ 50 ಕಟಕಟೆಗಳು. ವೇದಿಕೆ ನಿಲ್ಲುವುದೇ ಇಲ್ಲ, ನಿಧಾನಕ್ಕೆ ತಿರುಗುತ್ತಲೇ ಇರುತ್ತದೆ. ಹಸು ಒಂದು ಬಾಗಿಲಲ್ಲಿ ಹತ್ತುತ್ತದೆ. ಮೊದಲ ಭಾಗದಲ್ಲಿ ಬೆಚ್ಚನೆಯ ನೀರು ಕೆಚ್ಚಲು ತೊಳೆಯುತ್ತದೆ, ಆಮೇಲೆ ಒರೆಸಿ ಒಣಗಿಸುತ್ತಾರೆ. ಮೊದಲ ಕೆಲವು ಹನಿ ಹಿಂಡಿ, ಗಡ್ಡೆ ಇದೆಯೇ ಎಂದು ನೋಡುತ್ತಾರೆ. ಕೆಚ್ಚಲು ಬಾವು ಇರುವ ಹಸುವಿನ ಹಾಲು ಪಾತ್ರೆ ಸೇರುವ ಮೊದಲೇ ಸಿಕ್ಕಿಬೀಳುವುದು ಅಲ್ಲಿ. ಆಮೇಲೆ ಯಂತ್ರದ ಬಟ್ಟಲು ಹಾಕುತ್ತಾರೆ. ಹಾಲು ಹಸುವಿನ ಮೇಲಿರುವ ಗಾಜಿನ ಜಾಡಿಗೆ ಏರುತ್ತದೆ, ಎಷ್ಟು ಬಂತು ಎಂದು ಆ ಹಸುವಿನ ಲೆಕ್ಕಕ್ಕೆ ಬರೆಯುತ್ತಾರೆ. ಒಂದು ಸುತ್ತು ಹನ್ನೆರಡೂವರೆ ನಿಮಿಷ. ಸುತ್ತು ಮುಗಿಯುವಷ್ಟರಲ್ಲಿ ಕರೆದಾಗಿರುತ್ತದೆ, ಹಸು ಇಳಿದು ತನ್ನ ಕೊಟ್ಟಿಗೆಗೆ ಹೋಗುತ್ತದೆ, ಅದರ ಜಾಗಕ್ಕೆ ಇನ್ನೊಂದು ಹತ್ತುತ್ತದೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 240 ಹಸು, ಏಳು ಗಂಟೆಯಲ್ಲಿ 1,680.

ಇಲ್ಲಿ ಜಾಣತನ ಇರುವುದು ತಿರುಗುವುದರಲ್ಲಿ ಅಲ್ಲ. ಕೆಲಸಗಾರ ನಿಂತಲ್ಲೇ ನಿಂತು ಒಂದೇ ಕೆಲಸ ಮಾಡುತ್ತಾನೆ. ತೊಳೆಯುವವನು ಕರೆಯುವುದಿಲ್ಲ, ಕರೆಯುವವನು ಸಗಣಿ ಮುಟ್ಟುವುದಿಲ್ಲ. ಕೊಳೆ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ದಾರಿಯನ್ನೇ ಕತ್ತರಿಸಿದ್ದಾರೆ. ಇವತ್ತು ಜಗತ್ತಿನ ದೊಡ್ಡ ಡೈರಿಗಳಲ್ಲಿ ಕಾಣುವ ರೋಟರಿ ಪಾರ್ಲರುಗಳಿಗೆ ಇದು ಪೂರ್ವಜ.

1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬೋರ್ಡನ್ ಕಂಪನಿ ಈ ಯಂತ್ರವನ್ನು ಪ್ರದರ್ಶನಕ್ಕಿಟ್ಟಿತು. ಜಾಹೀರಾತಿನಲ್ಲಿ ‘ಎಲ್ಸಿ’ ಎಂಬ ವ್ಯಂಗ್ಯಚಿತ್ರದ ಹಸು ಆಗಲೇ ಹೆಸರುವಾಸಿ. ಬಂದವರೆಲ್ಲ ‘ಇದರಲ್ಲಿ ಎಲ್ಸಿ ಯಾವುದು?’ ಎಂದು ಕೇಳತೊಡಗಿದಾಗ ಕಂಪನಿಯವರು ಒಂದು ಚೆಂದದ ಜೆರ್ಸಿ ಹಸುವನ್ನು ಆರಿಸಿ ‘ಇದೇ’ ಎಂದರು. 1941ರಲ್ಲಿ ಆ ಹಸು ಹೋಗುತ್ತಿದ್ದ ಲಾರಿಗೆ ಅಪಘಾತವಾಗಿ ಅದು ಸತ್ತಿತು. ಹೂತದ್ದು ಪ್ಲೇನ್ಸ್‌ಬರೋದ ಡೈರಿಯಲ್ಲಿ. ಈಗ ಡೈರಿ ಇಲ್ಲ. ಹೊಲದ ಮೇಲೆ ವಾಕರ್-ಗಾರ್ಡನ್ ಹೆಸರಿನದೇ ಬಡಾವಣೆ ಎದ್ದಿದೆ, ಎಲ್ಸಿಯ ಸ್ಮಾರಕದ ಕಲ್ಲು ಅಲ್ಲೇ ಇದೆ. ಅದರ ಸುತ್ತಮುತ್ತ ವಾಸವಾಗಿರುವವರಲ್ಲಿ ಈಗ ಬಹಳ ಮಂದಿ ಭಾರತೀಯರು. ಹಸುವಿಗೆ ಕಲ್ಲು ನಿಲ್ಲಿಸಿದ ಅಮೆರಿಕದ ಊರೊಂದು ಅವರಿಗೇ ಸಿಕ್ಕಿದ್ದು ಕಾಕತಾಳೀಯವೇ. ಆದರೂ ಸೊಗಸಾಗಿದೆ.

ಟೌನ್‌ಶಿಪ್ ಹುಟ್ಟಿದ್ದು 1919ರಲ್ಲಿ. ಅದಕ್ಕೆ ಮೊದಲು ಈ ನೆಲದ ಒಂದು ಭಾಗ ಕ್ರ್ಯಾನ್‌ಬರಿಗೆ, ಇನ್ನೊಂದು ಸೌತ್ ಬ್ರನ್ಸ್‌ವಿಕ್‌ಗೆ ಸೇರಿತ್ತು. ನಡುವೆ ಸಿಕ್ಕಿಕೊಂಡ ಹಳ್ಳಿಗೆ ಒಳ್ಳೆಯ ಶಾಲೆ ಬೇಕಿತ್ತು, ಎರಡೂ ಕಡೆಯವರಿಗೆ ಅದು ಅಂಚಿನ ಊರು. ಜಾನ್ ವಾನ್ ಬ್ಯೂರನ್ ವಿಕಾಫ್ ಎಂಬ ವಕೀಲರು ಮುಂದೆ ನಿಂತರು, ಶಾಸನಸಭೆ ಕಾಯಿದೆ ಮಾಡಿತು, ಮೇ 6ರಂದು ಜನರು ಓಟು ಹಾಕಿ ಹೊಸ ಟೌನ್‌ಶಿಪ್ ಮಾಡಿಕೊಂಡರು. ಅಲ್ಲಿನ ಹಳೆಯ ಪ್ರಾಥಮಿಕ ಶಾಲೆಗೆ ಇವತ್ತಿಗೂ ವಿಕಾಫ್ ಹೆಸರಿದೆ. ನ್ಯೂಜೆರ್ಸಿಯಲ್ಲಿ 564 ಪುರಸಭೆ ಏಕೆ ಎಂದು ಯಾರಾದರೂ ಕೇಳಿದರೆ ಅರ್ಧ ಉತ್ತರ ಇದೇ: ನಮ್ಮ ತೆರಿಗೆ ದುಡ್ಡು ನಮ್ಮ ಶಾಲೆಗೇ ಹೋಗಲಿ ಎಂಬ ಹಟ.

1970ರಲ್ಲಿ ಇಲ್ಲಿದ್ದವರು 1,648 ಜನ. 1980ಕ್ಕೆ 5,605. 1990ಕ್ಕೆ 14,213. ಎರಡು ದಶಕದಲ್ಲಿ ಎಂಟೂವರೆ ಪಟ್ಟು. ಏನಾಯಿತು? ಡೈರಿ ಮುಚ್ಚಿತು, ಹೆದ್ದಾರಿಯ ಬದಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಫಾರೆಸ್ಟಲ್ ಸೆಂಟರ್ ಎಂಬ ಕಚೇರಿ ಉದ್ಯಾನ ಶುರುಮಾಡಿತು. ಆದರೆ ಇಂಥ ಒತ್ತಡ ಸುತ್ತಲಿನ ಎಲ್ಲ ಊರಿಗೂ ಇತ್ತು. ಪ್ಲೇನ್ಸ್‌ಬರೋ ಬೇರೆಯಾದದ್ದು ಜೋನಿಂಗ್‌ನಲ್ಲಿ, ಅಂದರೆ ಯಾವ ವಲಯದಲ್ಲಿ ಏನು ಕಟ್ಟಬಹುದು ಎಂಬ ನಿಯಮದಲ್ಲಿ.

ಇವತ್ತು ನಾನು ಹೇಳಬೇಕಾದದ್ದರ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ಉಪನಗರದಲ್ಲಿ ಯಾರು ಬಂದು ನೆಲೆಸುತ್ತಾರೆ ಎಂಬುದನ್ನು ಜಾಹೀರಾತು ತೀರ್ಮಾನಿಸುವುದಿಲ್ಲ, ಹವಾಮಾನವೂ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಪುರಸಭೆಯ ಗೋಡೆಯ ಮೇಲೆ ತೂಗುಹಾಕಿರುವ ಬಣ್ಣದ ನಕ್ಷೆ. ಒಂದು ವಲಯದಲ್ಲಿ ‘ಒಂದು ಎಕರೆಗೆ ಒಂದೇ ಮನೆ’ ಎಂದು ಬರೆದರೆ, ಅಲ್ಲಿ ಬರುವವನ ಸಂಬಳ ಎಷ್ಟಿರಬೇಕು ಎಂದು ಬರೆದ ಹಾಗೇ. ಬಣ್ಣ, ಜಾತಿ, ದೇಶ ಯಾವುದನ್ನೂ ಹೆಸರಿಸಬೇಕಾಗಿಲ್ಲ. ಇದನ್ನೇ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 1975ರಲ್ಲಿ ಮೌಂಟ್ ಲಾರೆಲ್ ಎಂಬ ಇನ್ನೊಂದು ಟೌನ್‌ಶಿಪ್ಪಿನ ಮೊಕದ್ದಮೆಯಲ್ಲಿ ಹಿಡಿಯಿತು. ಬಡವರಿಗೆ ಮನೆ ಕಟ್ಟಲು ಜಾಗವೇ ಇಲ್ಲದಂತೆ ನಕ್ಷೆ ಮಾಡುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಪುರಸಭೆಗಳು ಕಿವಿಗೆ ಹಾಕಿಕೊಳ್ಳಲಿಲ್ಲ, 1983ರಲ್ಲಿ ಕೋರ್ಟು ಮತ್ತೆ ಗುಡುಗಿತು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಪ್ಲೇನ್ಸ್‌ಬರೋ ಎಪ್ಪತ್ತರ ದಶಕದಲ್ಲಿ ತನ್ನ ನಕ್ಷೆಯಲ್ಲಿ ಅಪಾರ್ಟ್‌ಮೆಂಟಿಗೆ ದಾರಿ ಬಿಟ್ಟಿತು, ಅದೂ ದೊಡ್ಡ ಪ್ರಮಾಣದಲ್ಲಿ. ಫಾಕ್ಸ್ ರನ್, ಹಂಟರ್ಸ್ ಗ್ಲೆನ್, ಡೀರ್ ಕ್ರೀಕ್, ಫೆಸೆಂಟ್ ಹಾಲೋ, ಕ್ವೇಲ್ ರಿಡ್ಜ್, ರೇವನ್ಸ್ ಕ್ರೆಸ್ಟ್. ನರಿ, ಬೇಟೆಗಾರ, ಜಿಂಕೆ, ಕಾಡುಕೋಳಿ, ಪುರಲೆ, ಕಾಗೆ. ಯಾವ ಪ್ರಾಣಿಪಕ್ಷಿಯನ್ನು ಓಡಿಸಿದರೋ ಅದರ ಹೆಸರನ್ನೇ ಬೋರ್ಡಿಗೆ ಬರೆಯುವುದು ಉಪನಗರದ ಹಳೆಯ ಚಾಳಿ. (ನಮ್ಮಲ್ಲಿ ಕೆರೆ ಮುಚ್ಚಿ ‘ಲೇಕ್ ವ್ಯೂ’ ಎನ್ನುವುದಿಲ್ಲವೇ.) ಎಲ್ಲವೂ ಎರಡು ಮೂರು ಅಂತಸ್ತಿನ ಮರದ ಚೌಕಟ್ಟಿನ ಕಟ್ಟಡಗಳು, ನಡುವೆ ಹುಲ್ಲು, ಸುತ್ತ ಪಾರ್ಕಿಂಗು. ಹೆಚ್ಚಿನವು ಒಂದು ಅಥವಾ ಎರಡು ಕೋಣೆಯವು.

ಕೋಣೆಯ ಸಂಖ್ಯೆ ಸುಮ್ಮನೆ ಆದದ್ದಲ್ಲ. ಆ ಕಾಲದ ನ್ಯೂಜೆರ್ಸಿಯಲ್ಲಿ ಪುರಸಭೆಗಳು ಹಾಕುತ್ತಿದ್ದ ಲೆಕ್ಕ ಇದು: ಕೋಣೆ ಕಡಿಮೆ, ಮಕ್ಕಳು ಕಡಿಮೆ, ಮಕ್ಕಳು ಕಡಿಮೆ, ಶಾಲೆಯ ಖರ್ಚು ಕಡಿಮೆ. ಮದುವೆಯಾಗದ ಯುವ ನೌಕರರು ಬರುತ್ತಾರೆ, ಎರಡು ವರ್ಷ ಇದ್ದು ಹೋಗುತ್ತಾರೆ, ತೆರಿಗೆ ಬರುತ್ತದೆ, ಬೆಂಚು ಬೇಕಾಗುವುದಿಲ್ಲ. ಲೆಕ್ಕ ಎಲ್ಲಿ ತಪ್ಪಿತು? ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ವೀಸಾದಲ್ಲಿ ಬಂದ ಭಾರತೀಯ ಸಂಸಾರಗಳಿಗೆ ಎರಡು ಕೋಣೆ ಧಾರಾಳವಾಯಿತು. ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಮಗು. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದರೆ ಹಾಲ್‌ನಲ್ಲಿ ಹಾಸಿಗೆ. ಒಂಟಿ ನೌಕರರಿಗೆಂದು ಕಟ್ಟಿದ ಮನೆ ಶಾಲೆಗೆ ಮಕ್ಕಳನ್ನು ಕಳಿಸತೊಡಗಿತು. 1997ರಲ್ಲಿ ಎರಡನೆಯ ಹೈಸ್ಕೂಲು ತೆರೆಯಬೇಕಾಯಿತು, ಅದು ಇರುವುದು ಪ್ಲೇನ್ಸ್‌ಬರೋದಲ್ಲೇ. 2010ರ ಜನಗಣತಿಯಲ್ಲಿ ಊರಿನ ಶೇ. 46ರಷ್ಟು ಜನ ಏಷ್ಯಾ ಮೂಲದವರು, ಅವರಲ್ಲಿ ದೊಡ್ಡ ಪಾಲು ಭಾರತೀಯರು. ಎಪ್ಪತ್ತರ ದಶಕದ ಒಂದು ನಕ್ಷೆಯ ತೀರ್ಮಾನಕ್ಕೆ ಇಪ್ಪತ್ತು ವರ್ಷದ ಮೇಲೆ ಫಲ ಬಂದಿತು. ನಕ್ಷೆ ಬಣ್ಣಿಸಿದವರು ಅದನ್ನು ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ತೆರಿಗೆ ಚೀಟಿ. ಮಗಳು ದೂರಿದ್ದು ಇದರ ಬಗ್ಗೆ. ಚೀಟಿ ಒಂದೇ, ಆದರೆ ಅದರೊಳಗೆ ಮೂವರು ಕೂತಿದ್ದಾರೆ: ಶಾಲೆ, ಕೌಂಟಿ, ಟೌನ್‌ಶಿಪ್. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಲೆಯದು. ದರವನ್ನು ನೂರು ಡಾಲರ್ ಮೌಲ್ಯಕ್ಕೆ ಇಷ್ಟು ಎಂದು ಹೇಳುತ್ತಾರೆ. ಲೆಕ್ಕಕ್ಕೆ ದರ ಎರಡೂವರೆ ಡಾಲರ್ ಎಂದಿಟ್ಟುಕೊಳ್ಳಿ, ಮನೆಯ ದಾಖಲೆ ಮೌಲ್ಯ ಐದು ಲಕ್ಷ ಡಾಲರ್. ವರ್ಷಕ್ಕೆ 12,500, ನಾಲ್ಕು ಕಂತಿನಲ್ಲಿ 3,125ರಂತೆ. ಕಂತಿನ ದಿನಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಒಂದನೇ ತಾರೀಕು. ಸಾಮಾನ್ಯವಾಗಿ ಹತ್ತು ದಿನ ವಿನಾಯಿತಿ ಕೊಡುತ್ತಾರೆ. ಹನ್ನೊಂದನೇ ದಿನ ಕಟ್ಟಿದರೆ ಬಡ್ಡಿ ಒಂದು ದಿನಕ್ಕಲ್ಲ, ಒಂದನೇ ತಾರೀಕಿನಿಂದ. ಬಾಕಿಯಲ್ಲಿ ಮೊದಲ 1,500 ಡಾಲರಿಗೆ ಶೇ. 8ರವರೆಗೆ, ಅದರ ಮೇಲಿನದಕ್ಕೆ ಶೇ. 18ರವರೆಗೆ ಬಡ್ಡಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ಮೂವರಿಗೂ ಸೇರಿ ವಸೂಲಿ ಮಾಡುವುದು ಟೌನ್‌ಶಿಪ್. ಇಲ್ಲೊಂದು ಚಮತ್ಕಾರ ಇದೆ. ಜನ ಕಟ್ಟಲಿ ಬಿಡಲಿ, ಶಾಲೆಗೂ ಕೌಂಟಿಗೂ ಟೌನ್‌ಶಿಪ್ ಪೂರ್ತಿ ಹಣ ಕೊಡಬೇಕು. ನೂರು ಡಾಲರ್ ಬರಬೇಕಿತ್ತು, ಟೌನ್‌ಶಿಪ್ಪಿನ ಪಾಲು ಇಪ್ಪತ್ತು ಎಂದುಕೊಳ್ಳಿ. ಬಂದದ್ದು ತೊಂಬತ್ತೆಂಟು. ಕೊರತೆ ಎರಡೇ ಡಾಲರ್, ಆದರೆ ಎರಡೂ ಆ ಇಪ್ಪತ್ತರಿಂದಲೇ ಹೋಗುತ್ತದೆ. ನೂರಕ್ಕೆ ಎರಡರ ಕೊರತೆ ಪುರಸಭೆಯ ಕೈಯಲ್ಲಿ ನೂರಕ್ಕೆ ಹತ್ತಾಗುತ್ತದೆ. ಹಾಗಾಗಿ ಪ್ರತಿ ಬಜೆಟ್ಟಿನಲ್ಲೂ ‘ಬಾರದ ತೆರಿಗೆಗೆ ಮೀಸಲು’ ಎಂಬ ಸಾಲು ಇರುತ್ತದೆ. ಬಜೆಟ್ ಓದುವ ಕುತೂಹಲ ಇದ್ದರೆ ನಾನು ಮೊದಲು ತೋರಿಸುವುದು ಆ ಸಾಲನ್ನು. ಒಂದು ದೊಡ್ಡ ಕಚೇರಿ ಖಾಲಿಯಾಗಿದೆಯೇ, ಮೊಕದ್ದಮೆ ಗೆದ್ದು ತೆರಿಗೆ ವಾಪಸ್ ಪಡೆಯಿತೇ ಎಂಬುದು ಅಲ್ಲಿ ವಾಸನೆ ಹೊಡೆಯುತ್ತದೆ. ಮತ್ತೊಂದು ಕಡಿವಾಣವೂ ಇದೆ: 2010ರಲ್ಲಿ ಆದ ಕಾಯಿದೆ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ತೆರಿಗೆಯ ಒಟ್ಟು ಮೊತ್ತವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ.

ತೆರಿಗೆ ಹೆಚ್ಚಾಯಿತೆಂದು ಮೇಲ್ಮನವಿ ಹಾಕುವವರು ಸೋಲುವುದು ಬಹುತೇಕ ಒಂದೇ ಕಾರಣಕ್ಕೆ. ಅವರು ಕೌಂಟಿಯ ತೆರಿಗೆ ಮಂಡಳಿಯೆದುರು ‘ತೆರಿಗೆ ಜಾಸ್ತಿ’ ಎನ್ನುತ್ತಾರೆ. ಮಂಡಳಿಗೆ ತೆರಿಗೆ ಇಳಿಸುವ ಅಧಿಕಾರವೇ ಇಲ್ಲ, ಅದು ನೋಡುವುದು ಮೌಲ್ಯ ಸರಿಯೇ ಎಂದು ಮಾತ್ರ. ಹಿಂದಿನ ವರ್ಷದ ಅಕ್ಟೋಬರ್ 1ರಂದು ಈ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು? ಆ ತಾರೀಕಿನ ಆಸುಪಾಸಿನಲ್ಲಿ ಮಾರಾಟವಾದ ಇಂಥದೇ ಮನೆಗಳ ಪುರಾವೆ ಬೇಕು. ದಾಖಲೆ ಮೌಲ್ಯಕ್ಕೂ ಮಾರುಕಟ್ಟೆ ಬೆಲೆಗೂ ಇರುವ ಅನುಪಾತ, ಊರಿನ ಸರಾಸರಿ ಅನುಪಾತದಿಂದ ಶೇ. 15ರ ಒಳಗೇ ಇದ್ದರೆ ಸಾಮಾನ್ಯವಾಗಿ ಬದಲಾವಣೆ ಇಲ್ಲ. ಮಿಡ್ಲ್‌ಸೆಕ್ಸ್‌ನಲ್ಲಿ ಅರ್ಜಿಗೆ ಕೊನೆಯ ದಿನ ಏಪ್ರಿಲ್ 1, ಊರಿಡೀ ಮರುಮೌಲ್ಯಮಾಪನ ಆದ ವರ್ಷ ಮೇ 1. ಪುರಾವೆ ವಿಚಾರಣೆಗೆ ಏಳು ದಿನ ಮೊದಲು ತಲುಪಬೇಕು. ಕೈಯಲ್ಲಿ ಹಿಡಿದುಕೊಂಡು ಹೋದರೆ ಓದದೆಯೇ ಪಕ್ಕಕ್ಕಿಡಬಹುದು.

ಬಾಡಿಗೆಯವರಿಗೆ ಈ ಚೀಟಿ ಬರುವುದೇ ಇಲ್ಲ. ಅವರೂ ತೆರಿಗೆ ಕಟ್ಟುತ್ತಾರೆ, ಬಾಡಿಗೆಯೊಳಗೆ. ಕಾಣದ ತೆರಿಗೆಗೆ ಸಿಟ್ಟೂ ಕಡಿಮೆ. ಬಾಡಿಗೆದಾರರು ಹೆಚ್ಚಿರುವ ಊರಿನ ಬಜೆಟ್ ಸಭೆಗಳು ತಣ್ಣಗಿರುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ.

ಶಾಲೆಗೆ ಬರೋಣ. ಪ್ಲೇನ್ಸ್‌ಬರೋಗೆ ತನ್ನದೇ ಶಾಲಾ ಜಿಲ್ಲೆ ಇಲ್ಲ. ನದಿಯಾಚೆಯ ವೆಸ್ಟ್ ವಿಂಡ್ಸರ್ ಜೊತೆ ಕೂಡಿ ಒಂದು ಜಂಟಿ ಜಿಲ್ಲೆ. ಶಾಲೆಗಾಗಿಯೇ ಬೇರೆಯಾದ ಊರು ಶಾಲೆಗಾಗಿಯೇ ಇನ್ನೊಂದರ ಜೊತೆ ಕೂಡಿಕೊಂಡಿತು. ಖರ್ಚನ್ನು ಹಂಚಿಕೊಳ್ಳುವುದು ಎರಡೂ ಊರಿನ ಆಸ್ತಿಯ ಒಟ್ಟು ಬೆಲೆ ನೋಡಿ. ಎರಡು ಬೇರೆ ಕೌಂಟಿಯಾದ್ದರಿಂದ ಒಂದು ಕಡೆಯ ದಾಖಲೆ ಮೌಲ್ಯ ಹಳೆಯದು, ಇನ್ನೊಂದು ಕಡೆಯದು ಹೊಸದು ಇರಬಹುದು. ಅದಕ್ಕೆ ಎರಡನ್ನೂ ಮಾರುಕಟ್ಟೆ ದರಕ್ಕೆ ಸಮಮಾಡಿ ಹೋಲಿಸುತ್ತಾರೆ. ಇದರ ಪರಿಣಾಮ ನೋಡಿ: ಶಾಲೆಯ ಬಜೆಟ್ ಒಂದು ಡಾಲರೂ ಏರದಿದ್ದರೂ, ಪಕ್ಕದ ಊರಿನಲ್ಲಿ ಕಚೇರಿಗಳ ಬೆಲೆ ಬಿದ್ದರೆ ಈ ಊರಿನ ಶಾಲಾ ತೆರಿಗೆ ಏರುತ್ತದೆ.

ಶಾಲಾ ಬಸ್ಸಿನ ನಿಯಮವೂ ತಿಳಿದಿರಲಿ, ಮನೆ ಹುಡುಕುವವರು ಇದನ್ನು ಕೇಳುವುದೇ ಇಲ್ಲ. ಎಂಟನೇ ತರಗತಿಯವರೆಗೆ ಎರಡು ಮೈಲಿ, ಹೈಸ್ಕೂಲಿಗೆ ಎರಡೂವರೆ ಮೈಲಿಗಿಂತ ದೂರ ಇದ್ದರೆ ಬಸ್ಸು ಒದಗಿಸುವುದು ಜಿಲ್ಲೆಯ ಕಡ್ಡಾಯ. ಒಳಗಿದ್ದರೆ ಕೊಡುವುದು ಸೌಜನ್ಯ. ಬಜೆಟ್ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದು ಸೌಜನ್ಯಕ್ಕೆ.

2015ರಲ್ಲಿ ಈ ಜಿಲ್ಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಮಕ್ಕಳ ಮೇಲೆ ಒತ್ತಡ ಅತಿಯಾಗಿದೆ ಎಂದು ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಹೈಸ್ಕೂಲಿನ ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆ ತೆಗೆದರು, ನಾಲ್ಕು ಮತ್ತು ಐದನೇ ತರಗತಿಯ ವೇಗದ ಗಣಿತವನ್ನು (ಮೇಲಿನ ತರಗತಿಯ ಗಣಿತವನ್ನು ಮೊದಲೇ ಕಲಿಸುವುದು) ನಿಲ್ಲಿಸಲು ಹೊರಟರು. ಏಷ್ಯಾ ಮೂಲದ ಹೆತ್ತವರಲ್ಲಿ ಬಹಳ ಮಂದಿ ಸಿಡಿದರು, ಬಿಳಿಯರಲ್ಲಿ ಬಹಳ ಮಂದಿ ಬೆಂಬಲಿಸಿದರು. ಎರಡೂ ಗುಂಪಿನಲ್ಲಿ ಅದಕ್ಕೆ ವಿರುದ್ಧ ನಿಂತವರೂ ಇದ್ದರು, ವರದಿಗಳಲ್ಲಿ ಅವರು ಅಷ್ಟಾಗಿ ಕಾಣಲಿಲ್ಲ. ಪೇಟೆಯಿಂದ ಪೇಟೆಗೆ ಅಲೆದು, ಈ ಶಾಲೆಗಾಗಿಯೇ ಎರಡು ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ವೇಗದ ಗಣಿತ ಎಂದರೆ ಕೇವಲ ಗಣಿತವಲ್ಲ, ಕೊಟ್ಟ ಬಾಡಿಗೆಯ ರಸೀದಿ. ಆ ಸಿಟ್ಟನ್ನು ಒಪ್ಪದಿದ್ದರೂ ಅದು ಎಲ್ಲಿಂದ ಬಂತೆಂದು ತಿಳಿಯುವುದು ಕಷ್ಟವಲ್ಲ.

ಇನ್ನು ಆಡಳಿತ. ಐವರ ಟೌನ್‌ಶಿಪ್ ಕಮಿಟಿ, ಮೂರು ವರ್ಷದ ಅವಧಿ, ಎಲ್ಲರದ್ದೂ ಒಟ್ಟಿಗೆ ಮುಗಿಯುವುದಿಲ್ಲ. ಪ್ರತಿ ನವೆಂಬರಿನಲ್ಲಿ ಒಂದೋ ಎರಡೋ ಸ್ಥಾನಕ್ಕೆ ಚುನಾವಣೆ. ವಾರ್ಡ್ ಇಲ್ಲ, ಊರಿಡೀ ಒಂದೇ ಕ್ಷೇತ್ರ. ಮೇಯರನ್ನು ಜನ ಆರಿಸುವುದಿಲ್ಲ. ಜನವರಿ ಮೊದಲ ವಾರದ ಪುನರ್‌ರಚನಾ ಸಭೆಯಲ್ಲಿ ಐವರು ತಮ್ಮೊಳಗಿನಿಂದ ಒಬ್ಬರನ್ನು ಆರಿಸುತ್ತಾರೆ. ನಮ್ಮ ಗ್ರಾಮ ಪಂಚಾಯ್ತಿ ಅಧ್ಯಕ್ಷರ ಹಾಗೆ. ಮೇಯರಿಗೆ ಒಂದೇ ಓಟು, ವೀಟೋ ಇಲ್ಲ. ದಿನದ ಕೆಲಸ ನೋಡಿಕೊಳ್ಳುವುದು ಸಂಬಳದ ಆಡಳಿತಾಧಿಕಾರಿ.

ಕಾನೂನು ಮಾಡುವ ಕ್ರಮ ಚುರುಕು. ಒಂದು ಸಭೆಯಲ್ಲಿ ಮಂಡನೆ, ಆಮೇಲೆ ಪ್ರಕಟಣೆ, ಕನಿಷ್ಠ ಹತ್ತು ದಿನ ಬಿಟ್ಟು ಸಾರ್ವಜನಿಕ ವಿಚಾರಣೆ, ಆಮೇಲೆ ಓಟು. ಹೆಚ್ಚಿನ ಜನ ಎರಡನೆಯ ದಿನ ಬರುತ್ತಾರೆ. ಅಷ್ಟರಲ್ಲಿ ಐವರ ಮನಸ್ಸು ಗಟ್ಟಿಯಾಗಿರುತ್ತದೆ. ಮಂಡನೆಯ ದಿನವೇ ಹೋದರೆ ಮಾತಿಗೆ ಬೆಲೆ ಹೆಚ್ಚು.

ಜೋನಿಂಗ್‌ನಲ್ಲಿ ನೆರೆಯವರಿಗೆ ಇನ್ನೂ ಗಟ್ಟಿ ಹಿಡಿತ ಇದೆ. ಯಾರಾದರೂ ನಿಯಮಕ್ಕೆ ಹೊರತಾಗಿ ಕಟ್ಟಲು ಅನುಮತಿ ಕೇಳಿದರೆ, 200 ಅಡಿಯೊಳಗಿನ ಎಲ್ಲ ಆಸ್ತಿ ಮಾಲೀಕರಿಗೆ ವಿಚಾರಣೆಗೆ ಕನಿಷ್ಠ ಹತ್ತು ದಿನ ಮೊದಲು ನೋಟಿಸು ಕೊಡಬೇಕು, ಕೈಯಲ್ಲಿ ಇಲ್ಲವೇ ಸರ್ಟಿಫೈಡ್ ಅಂಚೆಯಲ್ಲಿ. ಪಟ್ಟಿಯನ್ನು ಟೌನ್‌ಶಿಪ್ ಏಳು ದಿನದಲ್ಲಿ ಕೊಡುತ್ತದೆ, ಹೆಸರಿಗೆ 25 ಸೆಂಟಿನಂತೆ ಅಥವಾ ಹತ್ತು ಡಾಲರ್, ಯಾವುದು ಹೆಚ್ಚೋ ಅದು. ಜನ ಎಡವುವುದು ಇಲ್ಲೇ. ಸ್ವಂತಕ್ಕೆ ಪಟ್ಟಿ ಮಾಡಿಕೊಂಡು ಒಬ್ಬ ಮಾಲೀಕನನ್ನು ಬಿಟ್ಟರೆ, ಅರ್ಜಿ ಕೇಳುವ ಜೋನಿಂಗ್ ಮಂಡಳಿಗೆ ವಿಚಾರಿಸುವ ಅಧಿಕಾರವೇ ಹುಟ್ಟುವುದಿಲ್ಲ. ವಾಸ್ತುಶಿಲ್ಪಿ, ವಕೀಲ, ಎಂಜಿನಿಯರ್ ಎಲ್ಲರೂ ಬಂದು ಕೂತಿರುತ್ತಾರೆ, ಎಲ್ಲರಿಗೂ ಗಂಟೆಯ ಲೆಕ್ಕದಲ್ಲಿ ದುಡ್ಡು, ಸಭೆ ಮುಂದಿನ ತಿಂಗಳಿಗೆ. ಮನೆಯ ವಲಯದಲ್ಲಿ ದೇವಸ್ಥಾನದಂಥ ಬೇರೆಯೇ ಬಳಕೆ ಬೇಕೆಂದರೆ ಏಳು ಜನರ ಮಂಡಳಿಯಲ್ಲಿ ಐದು ಓಟು ಬೇಕು. ಬಂದವರ ಬಹುಮತ ಸಾಲದು. ಐವರೇ ಬಂದಿದ್ದರೆ ಐವರೂ ಹೂಂ ಅನ್ನಬೇಕು. ಅನುಭವ ಇರುವ ವಕೀಲರು ಬಾಗಿಲಲ್ಲಿ ತಲೆ ಎಣಿಸುತ್ತಾರೆ, ಕಡಿಮೆ ಇದ್ದರೆ ಮುಂದೂಡಲು ತಾವೇ ಕೇಳುತ್ತಾರೆ.

ಹಾಗಾಗಿಯೇ ಸಮುದಾಯದ ದೊಡ್ಡ ಕೂಟಗಳು ಒಂದೇ ಟೌನ್‌ಶಿಪ್ಪಿನಲ್ಲಿ ಇರುವುದಿಲ್ಲ, ಜಾಗ ಸಿಕ್ಕಲ್ಲಿ ಚದುರಿವೆ. ವೆಂಕಟೇಶ್ವರ ದೇವಸ್ಥಾನ ಬ್ರಿಜ್‌ವಾಟರ್‌ನಲ್ಲಿ, ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಎಡಿಸನ್‌ನಲ್ಲಿ. ನ್ಯೂಜೆರ್ಸಿ ಕನ್ನಡಿಗರ ಬೃಂದಾವನ ಸಂಘ ಹಲವು ಊರಿನವರನ್ನು ಸೇರಿಸಿಕೊಂಡಿರುವುದು. ಪ್ಲೇನ್ಸ್‌ಬರೋದಲ್ಲಿ ಇರುವವರಿಗೆ ಸಂಘ ಎಂದರೆ ಕಾರಿನ ಪ್ರಯಾಣ. ದಿನನಿತ್ಯದ ಸಮುದಾಯ ಬೇರೆ: ಶಾಲೆಯ ಬಸ್ ನಿಲ್ದಾಣ, ಗ್ರಂಥಾಲಯ, ಉದ್ಯಾನ.

ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೋಗುವ ನಿಮಗೆ ಈ ಮೂರನೆಯದು ಮುಖ್ಯ. ಪ್ಲೇನ್ಸ್‌ಬರೋ ಪ್ರಿಸರ್ವ್ ಎಂಬ ಕಾಡು ಸಾವಿರ ಎಕರೆಗೆ ಸಮೀಪ, ನಡುವೆ 50 ಎಕರೆಯ ಮೆಕಾರ್ಮ್ಯಾಕ್ ಸರೋವರ. ಮರಳು, ಜಲ್ಲಿ ತೆಗೆದ ಗುಂಡಿಯೇ ಈಗ ಸರೋವರ. ಮುಂಜಾನೆ ನಡಿಗೆಗೆ ಸೊಗಸು. ಆದರೆ ಸೀರೆಯ ಕೆಳಗೆ ಚಪ್ಪಲಿ ಹಾಕಿಕೊಂಡು ಹುಲ್ಲಿಗೆ ಇಳಿಯಬೇಡಿ. ಜಿಂಕೆಯ ಉಣ್ಣಿ (ರಕ್ತ ಹೀರುವ ಹುಳ) ಇದೆ, ಎಳೆಯದು ಗಸಗಸೆ ಕಾಳಿನಷ್ಟು. ಲೈಮ್ ಕಾಯಿಲೆ ತರುವುದು ಅದೇ. ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ, ದಾರಿಯ ನಡುವೆ ನಡೆಯಿರಿ, ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಸುತ್ತ, ಕೂದಲ ಬುಡ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದ ತುದಿಯಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಾಮಾನ್ಯವಾಗಿ ರೋಗ ದಾಟಲು ಒಂದು ದಿನಕ್ಕಿಂತ ಹೆಚ್ಚು ಬೇಕು, ಅದೇ ದಿನ ತೆಗೆದರೆ ಅಪಾಯ ತೀರಾ ಕಡಿಮೆ.

ಕೊನೆಯದಾಗಿ ಓಟಿನ ಮಾತು. ಊರಿನಲ್ಲಿ ಅರ್ಧದಷ್ಟು ಏಷ್ಯಾದವರಿದ್ದಾರೆ ಎಂದರೆ ಮತದಾರರಲ್ಲೂ ಅರ್ಧ ಎಂದಲ್ಲ. ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಸರತಿಯಲ್ಲಿ ನಿಂತವರು, ಕಾರ್ಡು ಸಿಕ್ಕರೂ ಪೌರತ್ವ ತೆಗೆದುಕೊಳ್ಳದವರು ಯಾರಿಗೂ ಓಟಿಲ್ಲ. ಇರುವವರೂ ಚುನಾವಣೆಗೆ 21 ದಿನ ಮೊದಲು ನೋಂದಾಯಿಸಿಕೊಂಡಿರಬೇಕು. ಆದರೆ ಸಭೆಗೆ ಹೋಗಲು ಇದ್ಯಾವುದೂ ಬೇಕಿಲ್ಲ. ರಾಜ್ಯದ ಬಹಿರಂಗ ಸಭೆಗಳ ಕಾಯಿದೆ ಪ್ರಕಾರ ಪುರಸಭೆಯೂ ಶಾಲಾ ಮಂಡಳಿಯೂ ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಸಮಯ ಇಡಲೇಬೇಕು. ಬಾಡಿಗೆದಾರರಾಗಲಿ, ವೀಸಾದವರಾಗಲಿ, ಮೈಕಿನ ಮುಂದೆ ನಿಂತು ಹೆಸರು, ಊರು ಹೇಳಿ ಶುರುಮಾಡಬಹುದು. ಸಾಮಾನ್ಯವಾಗಿ ಸಿಗುವುದು ಮೂರರಿಂದ ಐದು ನಿಮಿಷ. ಬರೆದುಕೊಂಡು ಹೋಗಿ, ಯಾವ ಸಂಖ್ಯೆಯ ಮಸೂದೆ, ಯಾವ ಬ್ಲಾಕ್, ಯಾವ ಲಾಟ್ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಗುಮಾಸ್ತೆ ನಡಾವಳಿಯಲ್ಲಿ ಬರೆದುಕೊಳ್ಳುವುದು ಆ ವಾಕ್ಯವನ್ನೇ.